ಸ್ಯಾಂಡಿಗೆ ಬೇಡ, ಹಾರ್ವೀಗೆ ಬೇಕು: ಒಬ್ಬ ಸೆನೆಟರರ ಮತದಾಖಲೆಯನ್ನು ಓದುವ ಬಗೆ

(ಶಾಸನಸಭೆಗಳ ದಾಖಲೆಗಳನ್ನು ಓದುವುದರ ಬಗ್ಗೆ ನೀಡಿದ ಉಪನ್ಯಾಸವೊಂದರ ಬರಹ ರೂಪ. ಮಾತಿನಲ್ಲಿ ಸಮಯದ ಅಭಾವದಿಂದ ಬಿಟ್ಟುಹೋದ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಮಾನ್ಯರೇ,

2013ರ ಜನವರಿ 28ರಂದು ಅಮೆರಿಕದ ಸೆನೆಟ್‌ನಲ್ಲಿ ಒಂದು ಮಸೂದೆ ಮತಕ್ಕೆ ಬಂತು. ಮೂರು ತಿಂಗಳ ಹಿಂದೆ ನ್ಯೂಜೆರ್ಸಿ ಮತ್ತು ನ್ಯೂಯಾರ್ಕ್ ಕರಾವಳಿಯನ್ನು ಧ್ವಂಸಗೊಳಿಸಿದ್ದ ಸ್ಯಾಂಡಿ ಚಂಡಮಾರುತದ ಪರಿಹಾರಕ್ಕೆ ಸುಮಾರು 5,050 ಕೋಟಿ ಡಾಲರ್ ಒದಗಿಸುವ ಮಸೂದೆ ಅದು. ಪರವಾಗಿ 62 ಮತಗಳೂ ವಿರುದ್ಧವಾಗಿ 36 ಮತಗಳೂ ಬಿದ್ದವು. ಆ 36 ಮಂದಿಯೂ ರಿಪಬ್ಲಿಕನ್ ಪಕ್ಷದವರು, ಅವರಲ್ಲಿ ಟೆಕ್ಸಾಸ್ ರಾಜ್ಯದ ಇಬ್ಬರು ಸೆನೆಟರುಗಳೂ ಇದ್ದರು. ಒಬ್ಬರು ಹಿರಿಯರಾದ ಜಾನ್ ಕಾರ್ನಿನ್, ಇನ್ನೊಬ್ಬರು ಪ್ರಮಾಣವಚನ ಸ್ವೀಕರಿಸಿ ಒಂದು ತಿಂಗಳೂ ತುಂಬಿರದ ಟೆಡ್ ಕ್ರೂಜ್. ನಾಲ್ಕೂವರೆ ವರ್ಷಗಳ ತರುವಾಯ, 2017ರ ಆಗಸ್ಟ್ 25ರ ರಾತ್ರಿ, ಹಾರ್ವೀ ಎಂಬ ಚಂಡಮಾರುತ ಟೆಕ್ಸಾಸ್‌ನ ರಾಕ್‌ಪೋರ್ಟ್ ಬಳಿ ದಡಕ್ಕೆ ಅಪ್ಪಳಿಸಿತು. ಎರಡು ವಾರ ಕಳೆಯುವುದರೊಳಗೆ ಸೆನೆಟ್ 1,525 ಕೋಟಿ ಡಾಲರುಗಳ ಪರಿಹಾರಕ್ಕೆ ಒಪ್ಪಿಗೆ ನೀಡಿತು, ಆಗ ಕ್ರೂಜ್ ಅವರ ಮತ ಮಸೂದೆಯ ಪರವಾಗಿತ್ತು.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದು ತೀರ್ಪು ಕೊಟ್ಟು ಎದ್ದುಹೋಗಲು ಇಷ್ಟೇ ಸಾಕು. ಅಮೆರಿಕದ ಪತ್ರಿಕೆಗಳಲ್ಲಿ ಬಹುಪಾಲು ಹಾಗೆಯೇ ಆಯಿತು. ಆ ತೀರ್ಪು ತಪ್ಪೆಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಆದರೆ ಎರಡು ಮತಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮಾತ್ರಕ್ಕೆ ಅದು ಸಿದ್ಧವಾಗುವುದಿಲ್ಲ ಎಂಬುದು ನನ್ನ ವಾದ. ಜನಪ್ರತಿನಿಧಿಯೊಬ್ಬ 'ಇಲ್ಲ' ಎಂದಾಗ ಯಾವ ಕಾರಣ ಕೊಟ್ಟ, ಮುಂದೆ 'ಹೌದು' ಎನ್ನುವಾಗ ಆ ಕಾರಣ ಎಲ್ಲಿ ಹೋಯಿತು ಎಂಬುದನ್ನು ಹುಡುಕಬೇಕು. ಮತದಾಖಲೆಯ ಅರ್ಥ ಅಂಕಿಯಲ್ಲಿರುವುದಕ್ಕಿಂತ ಹೆಚ್ಚಾಗಿ ಆ ಕಾರಣದಲ್ಲಿರುತ್ತದೆ.

ಮೊದಲು ಹಣದ ದಾರಿಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1988ರ ಸ್ಟ್ಯಾಫರ್ಡ್ ಕಾಯ್ದೆಯ ಪ್ರಕಾರ ರಾಜ್ಯದ ಗವರ್ನರ್ ಕೇಳಿಕೊಂಡಾಗ ಅಧ್ಯಕ್ಷರು 'ಮಹಾ ವಿಪತ್ತು' ಎಂದು ಘೋಷಿಸುತ್ತಾರೆ. ಆ ಬಳಿಕ ಫೀಮಾ ಎಂಬ ಒಕ್ಕೂಟ ಸಂಸ್ಥೆ ತನ್ನ ವಿಪತ್ತು ಪರಿಹಾರ ನಿಧಿಯಿಂದ ಖರ್ಚು ಮಾಡತೊಡಗುತ್ತದೆ. ಸಾಧಾರಣ ವರ್ಷಗಳಲ್ಲಿ ಈ ನಿಧಿ ಸಾಲುತ್ತದೆ. ಸ್ಯಾಂಡಿ, ಹಾರ್ವೀಯಂಥವು ಬಂದಾಗ ಸಾಲುವುದಿಲ್ಲ, ಅದೂ ಅಲ್ಲದೆ ರೈಲುಮಾರ್ಗ, ವಸತಿ, ಕಡಲತಡಿಯ ಪುನರ್ನಿರ್ಮಾಣಗಳು ಬೇರೆ ಬೇರೆ ಇಲಾಖೆಗಳ ಪಾಲಿಗೆ ಬರುತ್ತವೆ. ಆಗ ಕಾಂಗ್ರೆಸ್, ಅಂದರೆ ಸೆನೆಟ್ ಮತ್ತು ಪ್ರತಿನಿಧಿ ಸಭೆ ಎಂಬ ಎರಡು ಸದನಗಳ ಅಮೆರಿಕದ ಸಂಸತ್ತು, ಪೂರಕ ಅನುದಾನದ ಮಸೂದೆಯನ್ನು ಅಂಗೀಕರಿಸಬೇಕಾಗುತ್ತದೆ. ಅದಕ್ಕೆ 'ತುರ್ತು' ಎಂಬ ಮುದ್ರೆ ಒತ್ತಿದರೆ ಖರ್ಚಿನ ಸಾಮಾನ್ಯ ಮಿತಿಗಳು ಅನ್ವಯಿಸುವುದಿಲ್ಲ, ಬೇರೆ ಬಾಬತ್ತಿನಲ್ಲಿ ಕಡಿತ ಮಾಡಿ ಸರಿದೂಗಿಸಬೇಕಾದ ಅಗತ್ಯವೂ ಇರುವುದಿಲ್ಲ. ಕ್ರೂಜ್ ಅವರ ವಾದವೆಲ್ಲ ಸುತ್ತಿದ್ದು ಈ 'ತುರ್ತು' ಎಂಬ ಪದವನ್ನೇ.

ಸ್ಯಾಂಡಿ ದಡ ಮುಟ್ಟಿದ್ದು 2012ರ ಅಕ್ಟೋಬರ್ 29ರಂದು. ಅಧ್ಯಕ್ಷ ಒಬಾಮಾ ಅವರು ಡಿಸೆಂಬರ್ ಮೊದಲ ವಾರದ ಕೊನೆಗೆ 6,040 ಕೋಟಿ ಡಾಲರ್ ಕೇಳಿದರು. ಡಿಸೆಂಬರ್ 28ರಂದು ಸೆನೆಟ್ ಅಷ್ಟನ್ನೂ ಒಪ್ಪಿತು. ಆದರೆ ಹೊಸ ವರ್ಷದ ರಾತ್ರಿ ಪ್ರತಿನಿಧಿ ಸಭೆಯ ಸ್ಪೀಕರ್ ಜಾನ್ ಬೇನರ್ ಅದನ್ನು ಮತಕ್ಕೆ ಹಾಕದೆ ಕಲಾಪ ಮುಗಿಸಿದರು. ಆ ಕಾಂಗ್ರೆಸ್ಸಿನ ಅವಧಿಯೇ ತೀರಿದ್ದರಿಂದ ಮಸೂದೆಯೂ ಅದರೊಂದಿಗೆ ತೀರಿತು. ನ್ಯೂಜೆರ್ಸಿಯ ಗವರ್ನರ್ ಕ್ರಿಸ್ ಕ್ರಿಸ್ಟಿ ತಮ್ಮ ಪಕ್ಷದ ಸ್ಪೀಕರರನ್ನೇ ಹೆಸರು ಹಿಡಿದು ಜರೆದದ್ದು ಆಗಲೇ. ಜನವರಿ 4ರಂದು ಹೊಸ ಸಭೆ ಮೊದಲ ಕೆಲಸವಾಗಿ ಪ್ರವಾಹ ವಿಮಾ ಯೋಜನೆಗೆ 970 ಕೋಟಿ ಡಾಲರ್ ಸಾಲ ಪಡೆಯುವ ಅಧಿಕಾರವನ್ನು 354–67 ಮತಗಳಿಂದ ನೀಡಿತು. ಜನರು ವಿಮಾ ಕಂತು ಕಟ್ಟಿ ಆಗಿತ್ತು, ಅವರ ಹಕ್ಕಿನ ಹಣವನ್ನು ಪಾವತಿಸಲು ಯೋಜನೆಯ ಬಳಿ ಕಾಸಿರಲಿಲ್ಲ, ವಿಷಯ ಅಷ್ಟೇ ಆಗಿತ್ತು. ಅದಕ್ಕೂ 67 ಮಂದಿ 'ಇಲ್ಲ' ಎಂದರು. ಅವರಲ್ಲಿ ಫ್ಲಾರಿಡಾದಿಂದ ಆಗತಾನೇ ಆಯ್ಕೆಯಾಗಿ ಬಂದಿದ್ದ ರಾನ್ ಡಿಸ್ಯಾಂಟಿಸ್ ಒಬ್ಬರು. ಅವರು ಗವರ್ನರ್ ಆಗಿದ್ದಾಗ, 2022ರಲ್ಲಿ ಇಯಾನ್ ಚಂಡಮಾರುತ ತಮ್ಮ ರಾಜ್ಯಕ್ಕೆ ಬಡಿದಾಗ, ಒಕ್ಕೂಟ ಸರ್ಕಾರದ ನೆರವು ಕೇಳಿದರು. ಕೇಳದೆ ವಿಧಿಯೂ ಇರಲಿಲ್ಲ.

ಜನವರಿ 15ರ ದಿನ ನಿಜವಾಗಿ ಕುತೂಹಲದ್ದು. ಅಂದು ಪ್ರತಿನಿಧಿ ಸಭೆಯ ಮುಂದಿದ್ದ ಮೂಲ ಮಸೂದೆ 1,700 ಕೋಟಿ ಡಾಲರುಗಳದ್ದು. ಅದರ ಮೇಲೆ ಎರಡು ತಿದ್ದುಪಡಿಗಳು ಬಂದವು. ನ್ಯೂಜೆರ್ಸಿಯ ರಾಡ್ನಿ ಫ್ರೀಲಿಂಗ್‌ಹೈಸನ್ ಅವರದು ಇನ್ನೂ ಸುಮಾರು 3,370 ಕೋಟಿ ಸೇರಿಸಬೇಕೆಂಬುದು, ಅದು 228–192ರಿಂದ ಗೆದ್ದಿತು. ಸೌತ್ ಕ್ಯಾರೊಲೈನಾದ ಮಿಕ್ ಮುಲ್ವೇನಿ ಅವರದು ಮೊದಲ 1,700 ಕೋಟಿಯನ್ನು ಎಲ್ಲ ಇಲಾಖೆಗಳ ಖರ್ಚಿನಲ್ಲಿ ಸಣ್ಣ ಪ್ರಮಾಣದ ಕಡಿತ ಮಾಡಿ ಸರಿದೂಗಿಸಬೇಕೆಂಬುದು, ಅದು 162–258ರಿಂದ ಸೋತಿತು. ಕೊನೆಗೆ ಇಡೀ ಮಸೂದೆ 241–180ರಿಂದ ಪಾಸಾಯಿತು. ಪರವಾಗಿ ಮತ ಹಾಕಿದ ರಿಪಬ್ಲಿಕನ್ನರು 49 ಮಂದಿ ಮಾತ್ರ. ಇದರಲ್ಲಿ ಗಮನಿಸಬೇಕಾದದ್ದು ಮುಲ್ವೇನಿ ಅವರ ನಡೆ. ಪರಿಹಾರ ಕೊಡಿ, ಆದರೆ ಅದರ ಲೆಕ್ಕವನ್ನು ಇಂದೇ ತೀರಿಸಿ ಎಂಬ ನಿಲುವನ್ನು ಅವರು ಬರಿಯ ಮಾತಿನಲ್ಲಿ ಹೇಳದೆ ತಿದ್ದುಪಡಿಯಾಗಿ ಬರೆದು ಸದನದ ಮುಂದಿಟ್ಟರು. ಸೋತರೂ ಅದು ಪ್ರಾಮಾಣಿಕ ವಾದ. ಇದೇ ಮುಲ್ವೇನಿ 2017ರಲ್ಲಿ ಟ್ರಂಪ್ ಸರ್ಕಾರದ ಬಜೆಟ್ ನಿರ್ದೇಶಕರಾಗಿದ್ದರು. ಹಾರ್ವೀಗಾಗಿ 785 ಕೋಟಿ ಡಾಲರ್ ಕೊಡಿ ಎಂದು ಕಾಂಗ್ರೆಸ್ಸಿಗೆ ಹೋದ ಕೋರಿಕೆ ಅವರ ಕಚೇರಿಯದೇ. ಅದರಲ್ಲಿ ಕಡಿತದ ಸುದ್ದಿಯೇ ಇರಲಿಲ್ಲ.

ಈಗ ಕ್ರೂಜ್ ಅವರ ಕಾರಣಕ್ಕೆ ಬರೋಣ. 2013ರಲ್ಲಿ ಮತ ಹಾಕಿದ ಮೇಲೆ ಅವರು ಹೊರಡಿಸಿದ ಹೇಳಿಕೆಯ ಸಾರ ಇದು: ಸ್ಯಾಂಡಿಗೆ ಸಂಬಂಧವೇ ಇಲ್ಲದ ಕೋಟಿಗಟ್ಟಲೆ ಖರ್ಚನ್ನು ರಾಜಕಾರಣಿಗಳು ಈ ಮಸೂದೆಗೆ ತುರುಕಿದ್ದಾರೆ; ಖರ್ಚಿನ ಮೂರನೇ ಎರಡು ಪಾಲು 'ತುರ್ತು' ಅಲ್ಲವೇ ಅಲ್ಲ; ಮುಂದಿನ 20 ತಿಂಗಳಲ್ಲಿ ವೆಚ್ಚವಾಗುವುದು ಶೇ 30ರಷ್ಟು ಮಾತ್ರ ಎಂದು ಕಾಂಗ್ರೆಸ್ಸಿನ ಬಜೆಟ್ ಕಚೇರಿಯೇ ಅಂದಾಜಿಸಿದೆ. 2017ರ ಆಗಸ್ಟ್ ಕೊನೆಯಲ್ಲಿ, ಹ್ಯೂಸ್ಟನ್ ಇನ್ನೂ ನೀರಿನಲ್ಲಿ ನಿಂತಿದ್ದಾಗ, ಸುದ್ದಿವಾಹಿನಿಯೊಂದು ಹಳೆಯ ಮತದ ಬಗ್ಗೆ ಕೇಳಿತು. ಆಗ ಅವರು ಕೊಟ್ಟ ಉತ್ತರ, ಆ ಮಸೂದೆಯ ಮೂರನೇ ಎರಡು ಪಾಲಿಗೂ ಸ್ಯಾಂಡಿಗೂ ಸಂಬಂಧವೇ ಇರಲಿಲ್ಲ ಎಂಬುದು.

ಈ ಎರಡು ವಾಕ್ಯಗಳನ್ನು ಒಂದರ ಪಕ್ಕ ಒಂದನ್ನಿಟ್ಟು ನಿಧಾನವಾಗಿ ಓದಬೇಕೆಂದು ಕೋರುತ್ತೇನೆ. 'ಮೂರನೇ ಎರಡು' ಎಂಬ ಅಂಕಿ ಅಲ್ಲೇ ಇದೆ, ಅದರ ಕೆಳಗಿನ ನಾಮಪದ ಮಾತ್ರ ಬದಲಾಗಿದೆ. ಮೊದಲು ಅದು 'ತಡವಾಗಿ ಖರ್ಚಾಗುವ ಹಣ'ವಾಗಿತ್ತು, ಆಮೇಲೆ 'ಸ್ಯಾಂಡಿಗೆ ಸಂಬಂಧಿಸದ ಹಣ'ವಾಯಿತು. ಮೊದಲನೆಯದು ಚರ್ಚೆಗೆ ಯೋಗ್ಯವಾದ ಅಭಿಪ್ರಾಯ. ಎರಡನೆಯದು ವಾಸ್ತವಾಂಶದ ಹೇಳಿಕೆ, ಅದೂ ನಿಜವಲ್ಲದ್ದು. ಆ ಕಾನೂನಿನ ದೊಡ್ಡ ಬಾಬತ್ತುಗಳು ಯಾರು ಬೇಕಾದರೂ ಓದಬಹುದಾದಷ್ಟು ಸ್ಪಷ್ಟವಾಗಿವೆ: ವಸತಿ ಮತ್ತು ಸಮುದಾಯ ಪುನರ್ನಿರ್ಮಾಣಕ್ಕೆ 1,600 ಕೋಟಿ, ಫೀಮಾ ನಿಧಿಗೆ ಸುಮಾರು 1,150 ಕೋಟಿ, ಸಾರ್ವಜನಿಕ ಸಾರಿಗೆಗೆ ಸುಮಾರು 1,090 ಕೋಟಿ, ಕಡಲತಡಿಯ ಕಾಮಗಾರಿಗಳಿಗೆ ಸೇನಾ ಎಂಜಿನಿಯರಿಂಗ್ ದಳಕ್ಕೆ 500 ಕೋಟಿಗೂ ಹೆಚ್ಚು. ವಸತಿ ಹಣದಲ್ಲಿ 2011ರಿಂದ 2013ರವರೆಗಿನ ಬೇರೆ ವಿಪತ್ತುಗಳಿಗೂ ಪಾಲಿತ್ತು ಎಂಬುದು ನಿಜ. ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಗಳ ಚಾವಣಿ ದುರಸ್ತಿಗೆ 20 ಲಕ್ಷ ಡಾಲರ್ ಇತ್ತು, ವಿರೋಧಿಗಳು ಮತ್ತೆ ಮತ್ತೆ ಬೊಟ್ಟು ಮಾಡುತ್ತಿದ್ದದ್ದು ಅದನ್ನೇ. 5,050 ಕೋಟಿಯ ಮುಂದೆ 20 ಲಕ್ಷವೆಂದರೆ ಊಟದ ಎಲೆಯ ಮೇಲಿನ ಉಪ್ಪಿನಷ್ಟೂ ಅಲ್ಲ. ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಸತ್ಯಶೋಧನಾ ಅಂಕಣ ಸಂಸದೀಯ ಸಂಶೋಧನಾ ಸೇವೆಯ ವರದಿಯನ್ನು ಮುಂದಿಟ್ಟುಕೊಂಡು ಕ್ರೂಜ್ ಅವರ 2017ರ ಮಾತನ್ನು ಪರಿಶೀಲಿಸಿ, ಅದು ಜನರನ್ನು ದಾರಿತಪ್ಪಿಸುವಂಥದು ಎಂದೇ ಬರೆಯಿತು.

ಮೊದಲನೆಯ ವಾದವನ್ನು, ಅಂದರೆ ತಡವಾಗಿ ಖರ್ಚಾಗುವುದು ತುರ್ತಲ್ಲ ಎಂಬುದನ್ನು, ನಾವು ಗಂಭೀರವಾಗಿಯೇ ತೆಗೆದುಕೊಳ್ಳೋಣ. ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ ದ್ವೀಪದ ದಕ್ಷಿಣ ತುದಿಯಲ್ಲಿ ಸೌತ್ ಫೆರಿ ಎಂಬ ನೆಲದಡಿಯ ರೈಲು ನಿಲ್ದಾಣವಿದೆ. ಸ್ಯಾಂಡಿಗೆ ಮೂರೂವರೆ ವರ್ಷ ಮುಂಚೆ, 2009ರಲ್ಲಿ, ಹೊಸದಾಗಿ ಕಟ್ಟಿ ತೆರೆದಿದ್ದ ನಿಲ್ದಾಣ ಅದು. ಚಂಡಮಾರುತದ ರಾತ್ರಿ ಅದರೊಳಗೆ ಸಮುದ್ರದ ಉಪ್ಪುನೀರು ಚಾವಣಿ ಮುಟ್ಟುವಷ್ಟು ತುಂಬಿ, ವಿದ್ಯುತ್ ಮತ್ತು ಸಿಗ್ನಲ್ ಉಪಕರಣಗಳೆಲ್ಲ ಹಾಳಾದವು. ಅದನ್ನು ಮತ್ತೆ ತೆರೆದದ್ದು 2017ರ ಜೂನ್ ಕೊನೆಯಲ್ಲಿ, ಹಾರ್ವೀ ಬರುವುದಕ್ಕೆ ಎರಡು ತಿಂಗಳು ಮುಂಚೆ. ಬ್ರೂಕ್ಲಿನ್‌ಗೂ ಮ್ಯಾನ್‌ಹ್ಯಾಟನ್‌ಗೂ ನಡುವೆ ನದಿಯಡಿ ಸಾಗುವ ಕನಾರ್ಸಿ ಸುರಂಗದ ದುರಸ್ತಿ ಮುಗಿದದ್ದು 2020ರಲ್ಲಿ. ಬಜೆಟ್ ಕಚೇರಿ 20 ತಿಂಗಳಲ್ಲಿ ಶೇ 30 ಎಂದು ಹೇಳಿದ್ದು ಇಂಥ ಕಾಮಗಾರಿಗಳನ್ನು ಲೆಕ್ಕಕ್ಕೆ ಹಿಡಿದು. ಹಣ ನಿಧಾನವಾಗಿ ಖರ್ಚಾಯಿತು, ಏಕೆಂದರೆ ಸುರಂಗವನ್ನು ನಿಧಾನವಾಗಿಯೇ ರಿಪೇರಿ ಮಾಡಲು ಸಾಧ್ಯ. ಹಣ ಬರುತ್ತದೆಂಬ ಭರವಸೆ ಮೊದಲ ದಿನವೇ ಇಲ್ಲದಿದ್ದರೆ ಯಾವ ಸಾರಿಗೆ ಸಂಸ್ಥೆಯೂ ಅಷ್ಟು ದೊಡ್ಡ ಗುತ್ತಿಗೆಗೆ ಸಹಿ ಹಾಕುವುದಿಲ್ಲ. ಬಿದ್ದ ಮನೆಯನ್ನು ಕಟ್ಟಿಸಲು ಹೊರಟ ಯಾರಿಗಾದರೂ ಇದನ್ನು ವಿವರಿಸಬೇಕಾಗಿಲ್ಲ. ಹಾಗಿದ್ದರೂ, ದೀರ್ಘಕಾಲದ ಕಾಮಗಾರಿಗಳನ್ನು ವಾರ್ಷಿಕ ಬಜೆಟ್ಟಿನಲ್ಲಿ ತಂದು ಚರ್ಚಿಸಬೇಕು, 'ತುರ್ತು' ಎಂಬ ಹಣೆಪಟ್ಟಿಯಡಿ ಮಿತಿಗಳನ್ನು ದಾಟಿಸಬಾರದು ಎಂಬ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆ ವಾದವನ್ನು ಎಲ್ಲ ಕಾಲಕ್ಕೂ ಎಲ್ಲ ರಾಜ್ಯಕ್ಕೂ ಅನ್ವಯಿಸಿದರೆ ಅದು ತತ್ತ್ವ.

ಹಾರ್ವೀ ಬಂದಾಗ ಆ ತತ್ತ್ವಕ್ಕೆ ಪರೀಕ್ಷೆ ಎದುರಾಯಿತು. ಟೆಕ್ಸಾಸ್‌ನ ನೆದರ್‌ಲ್ಯಾಂಡ್ ಪಟ್ಟಣದ ಬಳಿ ಕೆಲವೇ ದಿನಗಳಲ್ಲಿ 1,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯಿತು, ಬೆಂಗಳೂರಿನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆಗಿಂತ ಅದು ಎಷ್ಟೋ ಹೆಚ್ಚು. ಸೆಪ್ಟೆಂಬರ್ 6ರಂದು ಪ್ರತಿನಿಧಿ ಸಭೆ 785 ಕೋಟಿ ಡಾಲರುಗಳ ಮಸೂದೆಯನ್ನು 419–3ರಿಂದ ಅಂಗೀಕರಿಸಿತು. ಅದರಲ್ಲಿ ಪರಿಹಾರ ಬಿಟ್ಟು ಬೇರೇನೂ ಇರಲಿಲ್ಲ. ಮರುದಿನ ಸೆನೆಟ್ ಆ ಮೊತ್ತವನ್ನು 1,525 ಕೋಟಿಗೆ ಏರಿಸಿತು, ಸೇರಿಸಿದ 740 ಕೋಟಿ ವಸತಿ ಪುನರ್ನಿರ್ಮಾಣಕ್ಕಾಗಿ, ಅಂದರೆ ನಿಧಾನವಾಗಿ ಖರ್ಚಾಗುವ ಹಣ. ಅದರ ಜೊತೆಗೆ, ರಾಷ್ಟ್ರದ ಸಾಲದ ಮಿತಿಯನ್ನು ಡಿಸೆಂಬರ್ 8ರವರೆಗೆ ಅಮಾನತಿನಲ್ಲಿಡುವ ನಿಬಂಧನೆಯನ್ನೂ ಇಡೀ ಸರ್ಕಾರವನ್ನು ಅದೇ ದಿನದವರೆಗೆ ನಡೆಸುವ ತಾತ್ಕಾಲಿಕ ಅನುದಾನವನ್ನೂ ಅದೇ ಮಸೂದೆಗೆ ಕಟ್ಟಲಾಯಿತು. ಚಂಡಮಾರುತಕ್ಕೆ ಸಂಬಂಧವಿಲ್ಲದ ವಿಷಯ ಎಂದರೆ ಇದಕ್ಕಿಂತ ದೊಡ್ಡದು ಯಾವುದಿದ್ದೀತು? ಬೇರೆ ಬಾಬತ್ತಿನ ಕಡಿತವಂತೂ ಇರಲೇ ಇಲ್ಲ. ಮಸೂದೆ 80–17ರಿಂದ ಗೆದ್ದಿತು, ಕ್ರೂಜ್ ಅವರು ಆ 80ರಲ್ಲಿದ್ದರು.

ನನ್ನ ಆಕ್ಷೇಪ ಇರುವುದು ಇಲ್ಲಿಯೇ. ತಮ್ಮ ರಾಜ್ಯ ಮುಳುಗಿದಾಗ ಸೆನೆಟರೊಬ್ಬರು ನೆರವಿನ ಪರ ಮತ ಹಾಕಿದ್ದು ತಪ್ಪಲ್ಲ, ಹಾಕದಿದ್ದರೆ ಅದು ಕರ್ತವ್ಯಲೋಪವಾಗುತ್ತಿತ್ತು. ಆದರೆ 2013ರಲ್ಲಿ ಕೊಟ್ಟ ಕಾರಣಗಳಾದ ಅಸಂಬದ್ಧ ಸೇರ್ಪಡೆ, ತಡವಾದ ವೆಚ್ಚ ಎರಡೂ 2017ರ ಮಸೂದೆಯಲ್ಲಿ ಹಾಗೆಯೇ ಇದ್ದವು, ಮೊದಲನೆಯದಂತೂ ಇನ್ನೂ ದೊಡ್ಡ ಪ್ರಮಾಣದಲ್ಲಿತ್ತು. ನಾನು ಅಂದು ತಪ್ಪು ಮಾಡಿದೆ ಎಂದಾಗಲಿ, ಅಂದಿನ ತತ್ತ್ವವನ್ನು ಇಂದು ನನ್ನ ಜನರಿಗಾಗಿ ಬದಿಗಿಡುತ್ತಿದ್ದೇನೆ ಎಂದಾಗಲಿ ಹೇಳಬಹುದಿತ್ತು. ಎರಡೂ ಗೌರವದ ಮಾತುಗಳೇ. ಹಾಗೆ ಮಾಡದೆ ಹಳೆಯ ಮಸೂದೆಯನ್ನೇ ಇದ್ದದ್ದಕ್ಕಿಂತ ಕೆಟ್ಟದಾಗಿ ಚಿತ್ರಿಸಲಾಯಿತು. ನ್ಯೂಯಾರ್ಕಿನ ರಿಪಬ್ಲಿಕನ್ ಪ್ರತಿನಿಧಿ ಪೀಟರ್ ಕಿಂಗ್ ಈ ವ್ಯತ್ಯಾಸವನ್ನು ಮರೆಯಲಿಲ್ಲ. ಕ್ರೂಜ್ ಮತ್ತು ಅವರ ಜೊತೆಗಾರರು ನಮ್ಮ ವಿರುದ್ಧ ಮತ ಹಾಕಿದ್ದರೂ ನಾನು ಟೆಕ್ಸಾಸ್ ಪರ ಮತ ಹಾಕುತ್ತೇನೆ ಎಂದು ಅವರು ಬಹಿರಂಗವಾಗಿಯೇ ಹೇಳಿದರು.

ಟೆಕ್ಸಾಸ್‌ನ ಎಲ್ಲರ ಕತೆಯೂ ಒಂದೇ ಅಲ್ಲ. 1,525 ಕೋಟಿಯ ಮಸೂದೆ ಪ್ರತಿನಿಧಿ ಸಭೆಗೆ ಮರಳಿದಾಗ 316–90ರಿಂದ ಪಾಸಾಯಿತು. ಆ 90ರಲ್ಲಿ ಟೆಕ್ಸಾಸ್‌ನವರೇ ನಾಲ್ವರಿದ್ದರು: ಜೋ ಬಾರ್ಟನ್, ಜೆಬ್ ಹೆನ್ಸರ್ಲಿಂಗ್, ಸ್ಯಾಮ್ ಜಾನ್ಸನ್ ಮತ್ತು ಮ್ಯಾಕ್ ಥಾರ್ನ್‌ಬೆರಿ. ಪರಿಹಾರಕ್ಕೆ ಸಾಲದ ಮಿತಿ, ತಾತ್ಕಾಲಿಕ ಅನುದಾನಗಳಂಥ ಬೇರೆ ವಿಷಯಗಳನ್ನು ಗಂಟು ಹಾಕಿದ್ದನ್ನು ಒಪ್ಪದೆ ತಮ್ಮ ರಾಜ್ಯದ ನೆರವಿನ ವಿರುದ್ಧವೇ ಮತ ಹಾಕಿದರು. ಅವರ ಅರ್ಥಶಾಸ್ತ್ರವನ್ನು ನಾನು ಒಪ್ಪುವುದಿಲ್ಲ, ಆದರೆ ಅವರ ಮತದಾಖಲೆಯನ್ನು ಓದುವುದು ಸುಲಭ, ಏಕೆಂದರೆ ಆಡಿದ ಮಾತಿಗೆ ಬೆಲೆ ತೆತ್ತಿದ್ದಾರೆ. ಇನ್ನೊಂದು ಕಡೆ ಹ್ಯೂಸ್ಟನ್ನಿನ ಪಶ್ಚಿಮ ಭಾಗವನ್ನು ಪ್ರತಿನಿಧಿಸುತ್ತಿದ್ದ ಜಾನ್ ಕಲ್ಬರ್ಸನ್ ಇದ್ದರು. 2013ರ ಜನವರಿ 15ರಂದು ಟೆಕ್ಸಾಸ್‌ನ ರಿಪಬ್ಲಿಕನ್ ಪ್ರತಿನಿಧಿಗಳ ಪೈಕಿ ಸ್ಯಾಂಡಿ ಮಸೂದೆಗೆ 'ಹೌದು' ಎಂದವರು ಅವರೊಬ್ಬರೇ. 2001ರಲ್ಲಿ ಆಲಿಸನ್ ಬಿರುಗಾಳಿಯ ಮಳೆಗೆ ಹ್ಯೂಸ್ಟನ್ ಮುಳುಗಿದ್ದನ್ನು ಕಂಡ ಊರಿನವರು ಅವರು.

ಮತವನ್ನು ಓದುವಾಗ ಇನ್ನೊಂದು ಎಚ್ಚರವೂ ಬೇಕು. 2022ರ ಸೆಪ್ಟೆಂಬರ್ ಕೊನೆಯಲ್ಲಿ ಇಯಾನ್ ಚಂಡಮಾರುತ ಫ್ಲಾರಿಡಾಕ್ಕೆ ಬಡಿದ ಮರುದಿನವೇ ಸೆನೆಟ್‌ನಲ್ಲಿ ಸರ್ಕಾರವನ್ನು ನಡೆಸುವ ತಾತ್ಕಾಲಿಕ ಅನುದಾನದ ಮಸೂದೆ ಮತಕ್ಕೆ ಬಂತು, ಫೀಮಾ ನಿಧಿಯ ಹಣವೂ ಅದರೊಳಗಿತ್ತು. ಫ್ಲಾರಿಡಾದ ಸೆನೆಟರ್ ರಿಕ್ ಸ್ಕಾಟ್ 'ಇಲ್ಲ' ಎಂದರು. ಅದನ್ನು ಇಯಾನ್ ಸಂತ್ರಸ್ತರ ವಿರುದ್ಧದ ಮತ ಎಂದು ಸಾರುವುದು ಅನ್ಯಾಯ. ಹತ್ತಾರು ವಿಷಯಗಳ ಕಂತೆಯನ್ನು ತಿರಸ್ಕರಿಸಿದವನು ಅದರಲ್ಲಿನ ಪ್ರತಿಯೊಂದನ್ನೂ ತಿರಸ್ಕರಿಸಿದ ಎಂದಾಗುವುದಿಲ್ಲ. ಕ್ರೂಜ್ ಅವರನ್ನು ನಾನು ಪ್ರಶ್ನಿಸುತ್ತಿರುವುದು ಕಂತೆಯನ್ನು ತಿರಸ್ಕರಿಸಿದ್ದಕ್ಕಲ್ಲ, ಆ ಕಂತೆಯಲ್ಲಿ ಏನಿತ್ತೆಂದು ಹೇಳಿದ ರೀತಿಗೆ.

ಕೆಲವೊಮ್ಮೆ ಅತಿ ದೊಡ್ಡ ಪರಿಣಾಮ ಬೀರಿದ ನಡೆ ಮತಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. 2019ರ ಮೇ 23ರಂದು 1,910 ಕೋಟಿ ಡಾಲರುಗಳ ಪರಿಹಾರ ಮಸೂದೆಯನ್ನು ಸೆನೆಟ್ 85–8ರಿಂದ ಒಪ್ಪಿತು. ಮರುದಿನ ಸದಸ್ಯರು ರಜೆಗೆ ಊರಿಗೆ ತೆರಳಿದ್ದರಿಂದ ಪ್ರತಿನಿಧಿ ಸಭೆಯಲ್ಲಿ ಸರ್ವಾನುಮತದಿಂದ ಅದನ್ನು ಮುಗಿಸುವ ಯೋಜನೆ ಇತ್ತು. ಸರ್ವಾನುಮತಕ್ಕೆ ಒಬ್ಬರ ಆಕ್ಷೇಪ ಸಾಕು. ಟೆಕ್ಸಾಸ್‌ನ ಚಿಪ್ ರಾಯ್ ಎದ್ದು ನಿಂತು ಆಕ್ಷೇಪಿಸಿದರು. ಸರಿದೂಗಿಸುವ ಕಡಿತವಿಲ್ಲ, ಮೆಕ್ಸಿಕೊ ಗಡಿಯ ನಿರ್ವಹಣೆಗೆ ಹಣವಿಲ್ಲ ಎಂಬುದು ಅವರ ಕಾರಣ. ಮುಂದಿನ ವಾರ ಇನ್ನಿಬ್ಬರು ಹಾಗೆಯೇ ತಡೆದರು. ಕೊನೆಗೆ ಜೂನ್ 3ರಂದು ಮಸೂದೆ 354–58ರಿಂದ ಪಾಸಾಯಿತು. ಆ ಹತ್ತು ದಿನಗಳ ವಿಳಂಬ ಯಾವ ಮತ ಎಣಿಕೆಯಲ್ಲೂ ಇಲ್ಲ. ಅಂದಹಾಗೆ, ಕ್ರೂಜ್ ಅವರು ಸೆನೆಟ್‌ಗೆ ಬಂದಾಗ ಅವರ ಕಚೇರಿಯ ಮುಖ್ಯಸ್ಥರಾಗಿದ್ದವರು ಇದೇ ಚಿಪ್ ರಾಯ್. ಆ 2019ರ ಹಗ್ಗಜಗ್ಗಾಟದ ಮೂಲ, ಅಮೆರಿಕದ ಅಧೀನದಲ್ಲಿದ್ದರೂ ರಾಜ್ಯವಲ್ಲದ ಪೋರ್ಟೊರಿಕೊಗೆ ಎಷ್ಟು ಕೊಡಬೇಕೆಂಬ ವಿವಾದ. 2017ರ ಮರಿಯಾ ಚಂಡಮಾರುತದಿಂದ ನೆಲಕಚ್ಚಿದ್ದ ಆ ದ್ವೀಪಕ್ಕೆ ಸೆನೆಟ್‌ನಲ್ಲಿ ಪ್ರತಿನಿಧಿಯೇ ಇಲ್ಲ, ಪ್ರತಿನಿಧಿ ಸಭೆಯಲ್ಲಿ ಒಬ್ಬರಿದ್ದರೂ ಮಸೂದೆಗಳ ಅಂತಿಮ ಅಂಗೀಕಾರದಲ್ಲಿ ಅವರಿಗೆ ಮತವಿಲ್ಲ.

ಉಪನ್ಯಾಸದ ಬಳಿಕ ಒಬ್ಬರು ಕೇಳಿದರು: ನಮ್ಮ ಸಂಸದರ ಇಂಥ ದಾಖಲೆ ಎಲ್ಲಿ ಸಿಗುತ್ತದೆ? ಸಿಗುವುದಿಲ್ಲ, ಏಕೆಂದರೆ ಅಂಥ ದಾಖಲೆಯೇ ಹುಟ್ಟುವುದಿಲ್ಲ. ನಮ್ಮಲ್ಲಿ ರಾಷ್ಟ್ರೀಯ ವಿಪತ್ತು ಪರಿಹಾರ ನಿಧಿಯ ಹಣ ಯಾವ ರಾಜ್ಯಕ್ಕೆ ಎಷ್ಟು ಎಂಬುದನ್ನು ಕೇಂದ್ರ ತಂಡದ ವರದಿಯ ಮೇಲೆ ಗೃಹ ಸಚಿವರ ಅಧ್ಯಕ್ಷತೆಯ ಉನ್ನತ ಮಟ್ಟದ ಸಮಿತಿ ನಿರ್ಧರಿಸುತ್ತದೆ, ಸಂಸತ್ತಿನ ಮತದಿಂದ ಅದು ತೀರ್ಮಾನವಾಗುವುದಿಲ್ಲ. ಬಜೆಟ್ ಬೇಡಿಕೆಗಳು ಸಾಮಾನ್ಯವಾಗಿ ಧ್ವನಿಮತದಲ್ಲಿ ಮುಗಿಯುತ್ತವೆ, ಮೇಲಾಗಿ ಪಕ್ಷದ ವಿಪ್ ಮೀರಿದವರು ಪಕ್ಷಾಂತರ ನಿಷೇಧ ಕಾಯ್ದೆಯಡಿ ಸ್ಥಾನ ಕಳೆದುಕೊಳ್ಳಬಹುದು. 223 ತಾಲ್ಲೂಕುಗಳಲ್ಲಿ ಬರ ಘೋಷಿಸಿದ್ದ ಕರ್ನಾಟಕ ಸುಮಾರು 18,000 ಕೋಟಿ ರೂಪಾಯಿ ಕೇಳಿ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು, ಏಪ್ರಿಲ್ ಕೊನೆಗೆ ಬಿಡುಗಡೆಯಾದದ್ದು ಸುಮಾರು 3,400 ಕೋಟಿ. ಆ ಅಂತರಕ್ಕೆ ಯಾವ ಸಂಸದ 'ಹೌದು' ಎಂದ, ಯಾರು 'ಇಲ್ಲ' ಎಂದರು ಎಂದು ಕೇಳಲು ನಮಗೆ ಒಂದು ಪುಟವೂ ಇಲ್ಲ.

ಮತ್ತೊಬ್ಬರ ಪ್ರಶ್ನೆ, ಟೆಕ್ಸಾಸ್‌ನ ಮತದಾರರು ಈ ದಾಖಲೆಯನ್ನು ಓದಿದರೇ ಎಂಬುದು. 2018ರ ನವೆಂಬರ್ ಚುನಾವಣೆಯಲ್ಲಿ ಕ್ರೂಜ್ ಅವರು ಡೆಮಾಕ್ರಟಿಕ್ ಪಕ್ಷದ ಬೀಟೊ ಓ'ರೋರ್ಕ್ ವಿರುದ್ಧ ಶೇ 3ಕ್ಕಿಂತ ಕಡಿಮೆ ಅಂತರದಿಂದ ಗೆದ್ದರು. ಅದೇ ದಿನ, ಸ್ಯಾಂಡಿಗೂ ಹಾರ್ವೀಗೂ 'ಹೌದು' ಎಂದಿದ್ದ ಕಲ್ಬರ್ಸನ್ ಹ್ಯೂಸ್ಟನ್ನಿನ ತಮ್ಮ ಕ್ಷೇತ್ರದಲ್ಲಿ ಸೋತರು.